ಕೊಬ್ಬರಿ ಮನೆಯಲ್ಲಿ ಬಣ್ಣದ ಮಂಜು

ತೆಂಗಿನ ಸೀಮೆಯಲ್ಲಿ ಹಳೆಯ ಕಾರಿಗೆ ಮನೆಯ ಹಿರಿಯರಿಗೆ ಸಲ್ಲುವ ಮರ್ಯಾದೆ ಸಲ್ಲುತ್ತದೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ತೋಟದ ಮನೆಗಳ ಶೆಡ್ಡಿನಲ್ಲಿ ನಿಂತಿರುವ ಅಂಬಾಸಿಡರ್, ಪದ್ಮಿನಿ, ಜೀಪುಗಳು ಕೊಬ್ಬರಿಗೆ ಬೆಲೆ ಬಂದ ಯಾವುದೋ ಒಂದು ಒಳ್ಳೆಯ ವರ್ಷದ ಗುರುತುಗಳು. ಅವುಗಳ ಮೇಲಿನ ಮಮತೆಯನ್ನು ಯಾರೂ ಹೀಗಳೆಯಬೇಕಾಗಿಲ್ಲ. ಪ್ರಶ್ನಿಸಬೇಕಾದದ್ದು ಆ ಮಮತೆ ಹಿಡಿಯುತ್ತಿರುವ ದಾರಿಯನ್ನು. ಬಾಡಿಗೆಯ ಕಂಪ್ರೆಸರ್, ಒಂದು ಪೇಂಟ್ ಗನ್, ಪೇಟೆಯಿಂದ ತಂದ ಬಣ್ಣ ಮತ್ತು ಥಿನ್ನರ್ ಡಬ್ಬಗಳು, ಮುಖಕ್ಕೆ ಕಟ್ಟಿಕೊಳ್ಳಲು ಒಂದು ಟವೆಲು, ಇಷ್ಟಿದ್ದರೆ ಕಾರಿನ ಒಳಮೈಗೆ ಮನೆಯಂಗಳದಲ್ಲೇ ಹೊಸ ಬಣ್ಣ ಹೊಡೆಯಬಹುದೆಂಬ ನಂಬಿಕೆ ಬೆಳೆದಿದೆ. ಗ್ಯಾರೇಜಿನ ಖರ್ಚು ಉಳಿಯಿತು ಎಂಬ ಸಮಾಧಾನವೂ ಅದರ ಜೊತೆಗಿದೆ. ಆ ಖರ್ಚು ಎಲ್ಲಿಯೂ ಉಳಿದಿಲ್ಲ. ಅದನ್ನು ಗನ್ ಹಿಡಿದ ಹುಡುಗನ ಉಸಿರು, ಮನೆಯ ಮಕ್ಕಳ ರಕ್ತ, ತೋಟದ ಮಣ್ಣು ಇವು ಕಂತು ಕಂತಾಗಿ ತೆರುತ್ತವೆ.

ಹಳೆಯದನ್ನು ಉಳಿಸುವುದು ಪರಿಸರದ ಕೆಲಸವೇ ಎಂದು ಕೇಳುವವರಿದ್ದಾರೆ. ಹೌದು, ಅದು ಪರಿಸರದ ಕೆಲಸವೇ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮಾದರಿಯನ್ನು ಆಧರಿಸಿ 1950ರ ದಶಕದ ಕೊನೆಯಲ್ಲಿ ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ ತಯಾರಾಗತೊಡಗಿದ ಅಂಬಾಸಿಡರ್ 2014ರಲ್ಲಿ ನಿಂತುಹೋಯಿತು. ಸುತ್ತಿಗೆ, ಸ್ಪಾನರುಗಳಿಂದ ಹಳ್ಳಿಯ ಮೆಕ್ಯಾನಿಕ್ಕನೇ ರಿಪೇರಿ ಮಾಡಬಲ್ಲ ಕಾರು ಅದು. ಕೆಟ್ಟದ್ದನ್ನು ಎಸೆಯದೆ ಸರಿಪಡಿಸಿ ಬಳಸುವ ಸಂಸ್ಕೃತಿಗೆ ಅದಕ್ಕಿಂತ ಒಳ್ಳೆಯ ಉದಾಹರಣೆ ವಿರಳ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರವು ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದು, 50 ವರ್ಷ ದಾಟಿದ ಮತ್ತು ಮೂಲರೂಪವನ್ನು ಉಳಿಸಿಕೊಂಡ ವಾಹನಗಳಿಗೆ ಪ್ರತ್ಯೇಕ ನೋಂದಣಿಯನ್ನು ಕಲ್ಪಿಸಿದೆ. ಹಳೆಯ ವಾಹನಕ್ಕೆ ಗೌರವ ದೊರೆತದ್ದು ಸಂತೋಷದ ವಿಷಯ. ಆದರೆ ರಕ್ಷಿಸುವ ವಸ್ತುವಿಗಿಂತ ರಕ್ಷಿಸುವ ವಿಧಾನ ಹೆಚ್ಚು ಹಾನಿ ಮಾಡುವಂತಿದ್ದರೆ ಅದನ್ನು ರಕ್ಷಣೆ ಎಂದು ಕರೆಯಲು ಬಾರದು.

ಲೋಟದ ಲೆಕ್ಕ

ಕಾರಿನ ಹೊರಮೈಗೆ ಬಣ್ಣ ಹೊಡೆಯುವುದಕ್ಕೂ ಒಳಮೈಗೆ ಹೊಡೆಯುವುದಕ್ಕೂ ದೊಡ್ಡ ಅಂತರವಿದೆ. ಹೊರಗೆ ನಿಂತವನ ಸುತ್ತ ಗಾಳಿಯಾಡುತ್ತದೆ. ಒಳಗೆ ಹೊಡೆಯುವವನು ಒಂದು ಪೆಟ್ಟಿಗೆಯೊಳಗೆ ತಲೆ, ಹೆಗಲುಗಳನ್ನು ತೂರಿಸಿ ಕೆಲಸ ಮಾಡುತ್ತಾನೆ. ಡ್ಯಾಷ್‌ಬೋರ್ಡಿನ ಅಡಿ, ಸೀಟಿನ ಕೆಳಗಿನ ತಗಡು, ಬಾಗಿಲಿನ ಒಳಮೈ, ಕಂಬಿಗಳ ಸಂದು, ಎಲ್ಲವೂ ಅವನ ಮೂಗಿನಿಂದ ಗೇಣುದ್ದದಲ್ಲಿರುತ್ತವೆ. ಹಳೆಯ ಬಗೆಯ ಗನ್ನಿನಿಂದ ಹೊರಟ ಬಣ್ಣದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಗುರಿಯನ್ನು ಮುಟ್ಟುವುದಿಲ್ಲ. ಉಳಿದದ್ದು ಮಂಜಾಗಿ ಆ ಪೆಟ್ಟಿಗೆಯಲ್ಲೇ ಸುತ್ತುತ್ತದೆ.

ಥಿನ್ನರಿನ ಮುಖ್ಯ ಅಂಶಗಳಲ್ಲಿ ಟಾಲೀನ್ ಒಂದು. ಕಾರಿನ ಒಳಗಿನ ಅವಕಾಶ ಸುಮಾರು 3 ಘನಮೀಟರ್ ಎಂದು ಹಿಡಿದು ವಿದ್ಯಾರ್ಥಿಗಳು ತಾವೇ ಲೆಕ್ಕ ಹಾಕಿ ನೋಡಬಹುದು. ಭೋಪಾಲ ದುರಂತದ ನಂತರ, 1987ರಲ್ಲಿ, ಕಾರ್ಖಾನೆಗಳ ಕಾಯಿದೆಗೆ ಸೇರಿಸಿದ ಅನುಸೂಚಿಯು ಎಂಟು ಗಂಟೆಗಳ ದುಡಿಮೆಗೆ ಟಾಲೀನ್ ಆವಿಯ ಮಿತಿಯನ್ನು ಹತ್ತು ಲಕ್ಷ ಪಾಲು ಗಾಳಿಗೆ 100 ಪಾಲು ಎಂದು ಗೊತ್ತುಪಡಿಸಿತ್ತು. ಮೂರು ಘನಮೀಟರ್ ಗಾಳಿಯಲ್ಲಿ ಆ ಮಿತಿಯನ್ನು ತಲುಪಲು ಆವಿಯಾಗಬೇಕಾದ ಟಾಲೀನ್ ಒಂದೂವರೆ ಮಿಲಿಲೀಟರಿಗಿಂತಲೂ ಕಡಿಮೆ, ಅಂದರೆ ಚಹಾ ಚಮಚದ ಮೂರನೆಯ ಒಂದು ಭಾಗವೂ ಇಲ್ಲ. ಅದೇ ಪೆಟ್ಟಿಗೆಯ ಗಾಳಿ ಕಿಡಿ ತಾಗಿದರೆ ಹೊತ್ತಿಕೊಳ್ಳುವ ಹಂತ ಮುಟ್ಟಲು ಸುಮಾರು 150 ಮಿಲಿಲೀಟರ್, ಒಂದು ಕಾಫಿ ಲೋಟದಷ್ಟು, ಸಾಕು. ಬಾಗಿಲುಗಳನ್ನು ತೆರೆದಿಟ್ಟರೆ ಆವಿ ಕಡಿಮೆಯಾಗುತ್ತದೆ, ನಿಜ. ಆದರೆ ಬಣ್ಣಕ್ಕೆ ಧೂಳು ಕೂರಬಾರದೆಂದು ಶೆಡ್ಡಿಗೆ ಸುತ್ತಲೂ ಟಾರ್ಪಾಲು ಇಳಿಬಿಡುವುದೂ ಇದೇ ಕೆಲಸದ ವಾಡಿಕೆ. ಬಣ್ಣ ಚೆನ್ನಾಗಿ ಬರಲು ಬೇಕಾದದ್ದೂ ಮನುಷ್ಯ ಚೆನ್ನಾಗಿರಲು ಬೇಕಾದದ್ದೂ ಇಲ್ಲಿ ಎದುರುಬದುರು ನಿಂತಿವೆ.

ಅಲ್ಲದೆ, ಕಾಯಿದೆಯ ಆ ಮಿತಿ ಕಾರ್ಖಾನೆಗೆ ಬರೆದದ್ದು. ಅಂಗಳದಲ್ಲಿ ದುಡಿಯುವ ಒಬ್ಬ ಹುಡುಗನಿಗೆ ಅದು ಎಂದೂ ಅನ್ವಯಿಸಲಿಲ್ಲ. ಇನ್‌ಸ್ಪೆಕ್ಟರು ಬಾರದ ಕಡೆ ವಿಷಕ್ಕೆ ಮಿತಿಯೇ ಇಲ್ಲವೆಂದು ಅರ್ಥವೇ?

ವಾಸನೆಯಿಲ್ಲದ ಅಪಾಯ

ಥಿನ್ನರಿನ ವಾಸನೆಯಾದರೂ ಎಚ್ಚರಿಸುತ್ತದೆ. ತಲೆ ಸುತ್ತುತ್ತದೆ, ಕಣ್ಣು ಉರಿಯುತ್ತದೆ. ಈಗಿನ ಹೊಳಪಿನ ಬಣ್ಣಗಳಲ್ಲಿ ಬಹಳಷ್ಟು ಎರಡು ಡಬ್ಬದ ಬಣ್ಣಗಳು. ಒಂದರಲ್ಲಿ ಬಣ್ಣ, ಇನ್ನೊಂದರಲ್ಲಿ ಹಾರ್ಡ್ನರ್. ಆ ಹಾರ್ಡ್ನರಿನಲ್ಲಿರುವುದು ಐಸೊಸಯನೇಟ್ ಎಂಬ ರಾಸಾಯನಿಕ ಗುಂಪು. 1984ರ ಡಿಸೆಂಬರ್ 2ರ ರಾತ್ರಿ ಭೋಪಾಲದಲ್ಲಿ ಸೋರಿದ ಮೀಥೈಲ್ ಐಸೊಸಯನೇಟ್ ಇದೇ ಕುಲದ್ದು. ಬಣ್ಣದಲ್ಲಿರುವ ಸದಸ್ಯ ಅಷ್ಟು ಬೇಗ ಆವಿಯಾಗುವುದಿಲ್ಲ, ಆದ್ದರಿಂದ ಡಬ್ಬದಲ್ಲಿರುವಾಗ ಅಷ್ಟು ಭಯವಿಲ್ಲ. ಗನ್ ಅದನ್ನು ಮಂಜನ್ನಾಗಿ ಮಾಡಿ ಶ್ವಾಸಕೋಶದ ಆಳಕ್ಕೆ ಕಳುಹಿಸುತ್ತದೆ. ಬ್ರಶ್ಶಿನಲ್ಲಿ ಹಚ್ಚಿದಾಗ ಇರುವ ಅಪಾಯಕ್ಕೂ ಗನ್ನಿನಿಂದ ಎರಚಿದಾಗ ಉಂಟಾಗುವ ಅಪಾಯಕ್ಕೂ ಇರುವ ವ್ಯತ್ಯಾಸ ಇದೇ.

ಹಾನಿ ಮಾಡುವಷ್ಟು ಪ್ರಮಾಣದಲ್ಲಿದ್ದರೂ ಈ ಮಂಜಿಗೆ ವಾಸನೆ ಇರುವುದಿಲ್ಲ. ಒಮ್ಮೆ ದೇಹವು ಇದರ ವಿರುದ್ಧ ಪ್ರತಿಕ್ರಿಯಿಸಲು ಕಲಿತರೆ ಮುಂದೆ ಅತ್ಯಲ್ಪ ಪ್ರಮಾಣವೂ ಉಬ್ಬಸವನ್ನು ಕೆರಳಿಸುತ್ತದೆ. ಅಂಥವನು ಆ ಕಸುಬನ್ನೇ ಬಿಡಬೇಕಾಗುತ್ತದೆ. ಬ್ರಿಟನ್ನಿನ ಸರ್ಕಾರಿ ಆರೋಗ್ಯ ಮತ್ತು ಸುರಕ್ಷತಾ ಸಂಸ್ಥೆಯು ವಾಹನಗಳಿಗೆ ಬಣ್ಣ ಎರಚುವವರಿಗೆ ಕಸುಬಿನಿಂದ ಆಸ್ತಮಾ ಬರುವ ಸಂಭವ ಇತರ ದುಡಿಮೆಗಾರರಿಗಿಂತ ಸುಮಾರು 80 ಪಟ್ಟು ಹೆಚ್ಚು ಎಂದು ಹೇಳಿದೆ. ಐರೋಪ್ಯ ಒಕ್ಕೂಟವು 2023ರ ಆಗಸ್ಟ್ 24ರಿಂದ, ತರಬೇತಿ ಪಡೆಯದವರು ಕಸುಬಿನಲ್ಲಿ ಇಂಥ ಪದಾರ್ಥಗಳನ್ನು ಬಳಸುವುದಕ್ಕೆ ನಿರ್ಬಂಧ ಹಾಕಿದೆ. ಅಲ್ಲಿ ತರಬೇತಿ, ಬಣ್ಣದ ಕೋಣೆ, ಹೊರಗಿನಿಂದ ಶುದ್ಧ ಗಾಳಿ ಪೂರೈಸುವ ಮುಖವಾಡ ಎಲ್ಲವೂ ಇದ್ದು ಕಾಳಜಿ ವಹಿಸುತ್ತಾರೆ. ಇಲ್ಲಿ ಒಂದು ಒದ್ದೆ ಟವೆಲು. ಬಟ್ಟೆ ಧೂಳನ್ನು ತಡೆಯಬಹುದು. ಆವಿಗೆ ಅದು ತೆರೆದ ಬಾಗಿಲು.

ಉಜ್ಜಿದ ಧೂಳು ಎಲ್ಲಿಗೆ ಹೋಗುತ್ತದೆ?

ಹೊಸ ಬಣ್ಣ ಹೊಡೆಯುವ ಮೊದಲು ಹಳೆಯದನ್ನು ಉಪ್ಪುಕಾಗದದಿಂದ ಉಜ್ಜಿ ತೆಗೆಯಬೇಕು. ಹಳೆಯ ಕಾರುಗಳ ಹಳದಿ, ಕೆಂಪು, ಹಸಿರು ಬಣ್ಣಗಳಿಗೆ ಸೀಸದ ಸಂಯುಕ್ತಗಳು ಸಾಮಾನ್ಯ ಕಚ್ಚಾವಸ್ತುಗಳಾಗಿದ್ದವು. ಹೀಗಾಗಿ ಉಜ್ಜಿದ ಧೂಳಿನಲ್ಲಿ ಸೀಸವಿರುವ ಸಾಧ್ಯತೆಯನ್ನು ಒಪ್ಪಿಕೊಂಡೇ ಕೆಲಸಕ್ಕೆ ಇಳಿಯಬೇಕು. ಆ ಧೂಳು ಅಂಗಳದಲ್ಲಿ ಬೀಳುತ್ತದೆ. ಆ ಅಂಗಳದಲ್ಲಿ ಮಗು ಅಂಬೆಗಾಲಿಡುತ್ತದೆ, ಕೋಳಿ ಕೆದಕುತ್ತದೆ, ಅಲ್ಲಿಯೇ ಹಪ್ಪಳ, ಸಂಡಿಗೆ ಒಣಗುತ್ತವೆ. ಮಕ್ಕಳ ರಕ್ತದಲ್ಲಿ ಸೀಸಕ್ಕೆ ಅಪಾಯವಿಲ್ಲದ ಮಟ್ಟ ಎಂಬುದೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿದೆ. ಬುದ್ಧಿಯ ಬೆಳವಣಿಗೆಗೆ ಬಿದ್ದ ಪೆಟ್ಟು ಮುಂದೆ ಯಾವ ಔಷಧಿಯಿಂದಲೂ ಸರಿಹೋಗುವುದಿಲ್ಲ.

ಸರ್ಕಾರ ಬಣ್ಣದಲ್ಲಿ ಸೀಸವನ್ನು ನಿಷೇಧಿಸಿದೆಯಲ್ಲ ಎಂದು ಸಮಾಧಾನ ಪಡುವವರು ನಿಯಮವನ್ನು ಓದಬೇಕು. 2016ರಲ್ಲಿ ಹೊರಡಿಸಿ 2017ರ ನವೆಂಬರ್ 1ರಿಂದ ಜಾರಿಗೆ ಬಂದ ನಿಯಮವು ಹತ್ತು ಲಕ್ಷಕ್ಕೆ 90 ಪಾಲು ಎಂಬ ಮಿತಿಯನ್ನು ಹಾಕಿದ್ದು ಮನೆ ಮತ್ತು ಅಲಂಕಾರದ ಬಣ್ಣಗಳಿಗೆ. ವಾಹನಗಳ ಬಣ್ಣ ಆ ಮಾತಿನೊಳಗೆ ಬರುವುದಿಲ್ಲ. ಗೋಡೆಗೆ ಬಳಿಯಲು ಸಲ್ಲದ ಬಣ್ಣವನ್ನು ಮನೆಯಂಗಳದಲ್ಲಿ ನಿಂತ ಕಾರಿಗೆ ಎರಚಲು ಅಡ್ಡಿಯಿಲ್ಲ. ಮಗುವಿನ ರಕ್ತಕ್ಕೆ ಈ ಎರಡು ಸೀಸಗಳ ನಡುವೆ ಯಾವ ಭೇದವೂ ತಿಳಿಯದು.

ಅಟ್ಟ, ಒಲೆ, ಪಾತಿ

ತಿಪಟೂರು ಸೀಮೆಯ ಹೆಸರು ನಿಂತಿರುವುದು ಉಂಡೆ ಕೊಬ್ಬರಿಯ ಮೇಲೆ. ಸಿಪ್ಪೆ ಸಹಿತ ಕಾಯಿಯನ್ನು ಅಟ್ಟಕ್ಕೇರಿಸಿ, ಹತ್ತು ಹನ್ನೆರಡು ತಿಂಗಳು ನೆರಳಲ್ಲಿ ಒಳಗಿನ ನೀರು ಬತ್ತುವವರೆಗೆ ಕಾದು, ಆಮೇಲೆ ಸುಲಿದು ಒಡೆದು ತೆಗೆದ ಉಂಡೆ ಅದು. ಬಿಸಿಲಿಗೂ ಹೊಗೆಗೂ ಕೊಡದೆ ಕಾಪಾಡಿದ ಆಹಾರ. ಸಿಪ್ಪೆ, ಚಿಪ್ಪುಗಳ ಒಳಗಿರುವವರೆಗೆ ಅದಕ್ಕೆ ರಕ್ಷೆಯಿದೆ. ಒಡೆದು ಚೀಲಕ್ಕೆ ತುಂಬಿದ ಮೇಲೆ ಇಲ್ಲ. ಒಣ ಕೊಬ್ಬರಿಯಲ್ಲಿ ಮೂರನೆಯ ಎರಡು ಭಾಗದಷ್ಟು ಎಣ್ಣೆ. ಎಣ್ಣೆಗೂ ಥಿನ್ನರಿನಂಥ ದ್ರಾವಕಗಳಿಗೂ ಹುಟ್ಟುಗುಣದಿಂದಲೇ ಸ್ನೇಹ. ಹಿಂಡಿಯಲ್ಲಿ ಉಳಿದ ಎಣ್ಣೆಯನ್ನು ತೆಗೆಯಲು ಕಾರ್ಖಾನೆಗಳು ದ್ರಾವಕವನ್ನು ಬಳಸುವುದು ಈ ಸ್ನೇಹವನ್ನೇ ನಂಬಿ. ಕೊಬ್ಬರಿ ಚೀಲಗಳಿರುವ ಶೆಡ್ಡಿನಲ್ಲೇ ಬಣ್ಣದ ಕೆಲಸ ನಡೆದರೆ ಆವಿಯನ್ನು ಹೀರಲು ಅಲ್ಲಿ ಅದಕ್ಕಿಂತ ಯೋಗ್ಯವಾದ ವಸ್ತು ಮತ್ತೊಂದಿರಲಾರದು. ವರ್ಷವಿಡೀ ಕಾದು ಗಳಿಸಿದ ಗುಣವನ್ನು ಒಂದು ಮಧ್ಯಾಹ್ನದಲ್ಲಿ ಕಳೆಯುವುದು ಯಾವ ಜಾಣತನ?

ಬೆಂಕಿಯ ಮಾತೂ ಇದೆ. ಟಾಲೀನ್ ಆವಿ ಗಾಳಿಗಿಂತ ಮೂರು ಪಟ್ಟು ಭಾರ. ಅದು ಮೇಲೇಳದೆ ನೆಲ ಹಿಡಿದು ಹರಿಯುತ್ತದೆ, ತಗ್ಗಿಗೆ ಇಳಿಯುತ್ತದೆ. ತೋಟದ ಮನೆಯಲ್ಲಿ ನೆಲದ ಮಟ್ಟದಲ್ಲಿರುವುದು ಬಚ್ಚಲಿನ ಹಂಡೆ ಒಲೆ. ಅದರ ಪಕ್ಕ ಒಣ ಸಿಪ್ಪೆ, ಗರಿ, ಎಡೆಮಟ್ಟೆಗಳ ರಾಶಿ. ಕಂಪ್ರೆಸರಿನ ಮೋಟಾರಿನ ಸ್ವಿಚ್ಚಿನಲ್ಲೂ ಕಿಡಿಯಿರುತ್ತದೆ. ಬಣ್ಣದ ಕೋಣೆಗಳಲ್ಲಿ ಕಿಡಿ ಹಾರದ ವಿಶೇಷ ದೀಪ, ಮೋಟಾರುಗಳನ್ನು ಅಳವಡಿಸುವುದು ಸುಮ್ಮನೆ ಅಲ್ಲ.

ಕೊನೆಗೆ ಉಳಿಯುವುದು ಗನ್ ತೊಳೆದ ಥಿನ್ನರು. ಅದನ್ನು ಎಲ್ಲಿ ಚೆಲ್ಲುವುದು ಎಂಬ ಪ್ರಶ್ನೆಗೆ ತೋಟದ ಮನೆಯಲ್ಲಿ ಸಿಗುವ ಸುಲಭದ ಉತ್ತರ ಹತ್ತಿರದ ತೆಂಗಿನ ಬುಡ. ತೆಂಗಿನ ಹೆಚ್ಚಿನ ಬೇರುಗಳು ಬುಡದಿಂದ ಎರಡು ಮೀಟರ್ ದೂರದೊಳಗೇ ಇವೆ. ಪಾತಿ ಮಾಡುವುದು ಸುರಿದದ್ದೆಲ್ಲ ಆ ಬೇರಿಗೇ ಇಳಿಯಲಿ ಎಂದು. ತೆಂಗಿನ ಬೇರು ಏನನ್ನು ಕುಡಿಯಬಲ್ಲದೆಂದು ಈ ಸೀಮೆಗೆ ಹೇಳಿಕೊಡಬೇಕಾಗಿಲ್ಲ. 1990ರ ದಶಕದ ಕೊನೆಯಲ್ಲಿ ನುಸಿ ಪೀಡೆ ಬಂದಾಗ ಜೀವಂತ ಬೇರಿನ ತುದಿ ಕತ್ತರಿಸಿ ಕೀಟನಾಶಕದ ಚೀಲ ಕಟ್ಟಿ ಮರಕ್ಕೆ ಕುಡಿಸಿದ ಅನುಭವ ಇಲ್ಲಿನ ರೈತರದ್ದು. ಮಳೆ ಕಡಿಮೆಯಿರುವ, ಕೊಳವೆಬಾವಿಯನ್ನೇ ನಂಬಿದ ಈ ಭೂಮಿಯಲ್ಲಿ ಮಣ್ಣಿನ ಜೀವಾಣುಗಳನ್ನು ಸಾಯಿಸಿ ಕೆಳಗಿಳಿಯುವ ದ್ರಾವಕ ಕೊನೆಗೆ ಸೇರುವುದು ಕುಡಿಯುವ ನೀರಿನ ಕಡೆಗೇ. ಬಳಸಿದ ದ್ರಾವಕ ಮತ್ತು ಬಣ್ಣದ ಕಸವನ್ನು 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳು ತಮ್ಮ ಪಟ್ಟಿಯಲ್ಲಿ ಹೆಸರಿಸಿವೆ. ಕಾರ್ಖಾನೆಯಿಂದ ಬಂದಾಗ ಅಪಾಯಕಾರಿಯಾದದ್ದು ಅಂಗಳದಿಂದ ಬಂದಾಗ ಗೊಬ್ಬರವಾಗುವುದಿಲ್ಲ.

ಚಿಪ್ಪು ಕೊಟ್ಟವರ ಮೂಗಿಗೆ ಟವೆಲು

ಈ ಕಥೆಯಲ್ಲಿ ಒಂದು ಕಹಿ ವ್ಯಂಗ್ಯವಿದೆ. ವಿಷದ ಆವಿಯನ್ನು ಹಿಡಿದಿಡುವ ಮುಖವಾಡದ ಡಬ್ಬಿಯೊಳಗೆ ತುಂಬುವುದು ಸಕ್ರಿಯ ಇದ್ದಿಲು. ಅದಕ್ಕೆ ಅತ್ಯುತ್ತಮ ಕಚ್ಚಾವಸ್ತುಗಳಲ್ಲಿ ಒಂದು ತೆಂಗಿನ ಚಿಪ್ಪು. ಮೊದಲ ಮಹಾಯುದ್ಧದ ಕಾಲದಲ್ಲಿ ವಿಷಾನಿಲದಿಂದ ಸೈನಿಕರನ್ನು ಕಾಪಾಡಲು ಅಮೆರಿಕ ಚಿಪ್ಪಿನ ಇದ್ದಿಲನ್ನೇ ಆರಿಸಿಕೊಂಡಿತು. ಚಿಪ್ಪು ಸಾಲದೆ ಹೋದಾಗ ಪೀಚ್ ಹಣ್ಣಿನ ಬೀಜಗಳನ್ನು ಕೂಡಿಡುವಂತೆ ಅಲ್ಲಿಯ ಜನರನ್ನು ಕೇಳಿಕೊಂಡಿತು. ಅಂಥ ಚಿಪ್ಪನ್ನು ರಾಶಿ ರಾಶಿಯಾಗಿ ಮಾರಿ ಕಳುಹಿಸುವ ಸೀಮೆಯ ಹುಡುಗ ಟವೆಲು ಕಟ್ಟಿಕೊಂಡು ಕಾರಿನೊಳಗೆ ತಲೆ ಹಾಕುತ್ತಾನೆ. ಹಾರ್ಡ್ನರ್ ಬೆರೆಸಿದ ಬಣ್ಣಕ್ಕಾದರೆ ಇದ್ದಿಲಿನ ಮುಖವಾಡವೂ ಸಾಲದು, ಹೊರಗಿನ ಶುದ್ಧ ಗಾಳಿಯೇ ಬೇಕು.

ಗನ್ ಹಿಡಿಯುವವರು ಯಾರು ಎಂಬುದನ್ನೂ ನೋಡಬೇಕು. ಕಾರಿನ ಯಜಮಾನರು ಜಗುಲಿಯಲ್ಲಿ ಕೂತು ಬಣ್ಣದ ಛಾಯೆ ಒಪ್ಪಿಸುತ್ತಾರೆ. ಕಾರಿನೊಳಗೆ ತೂರುವವನು ದಿನಗೂಲಿಯ ಹುಡುಗ. ಅವನಿಗೆ ಕೂಲಿಯ ಚೀಟಿಯಿಲ್ಲ, ವಿಮೆಯಿಲ್ಲ. ಐದಾರು ವರ್ಷದ ಮೇಲೆ ಉಬ್ಬಸ ಹತ್ತಿದರೆ ಅದು ಯಾವ ಮನೆಯ ಅಂಗಳದಲ್ಲಿ ಹತ್ತಿತೆಂದು ಅವನು ತೋರಿಸಲಾರ. ಆಗ ಅದನ್ನು ಧೂಳಿನ ಅಲರ್ಜಿ ಎನ್ನುತ್ತಾರೆ, ಬೀಡಿಯ ಫಲ ಎನ್ನುತ್ತಾರೆ, ಹಣೆಬರಹ ಎನ್ನುತ್ತಾರೆ.

‘ಒಂದು ಸಲ ತಾನೆ?’

ಇಡೀ ತಾಲ್ಲೂಕಿನಲ್ಲಿ ಎಷ್ಟು ಕಾರು, ವರ್ಷಕ್ಕೆ ಎಷ್ಟು ಸಲ, ಇದಕ್ಕೆ ಇಷ್ಟೊಂದು ರಂಪವೇ ಎಂಬುದು ಎದುರು ವಾದ. ಮನೆಯವರಿಗೆ ಇದು ಒಂದು ಸಲ. ಹುಡುಗನಿಗೆ ವಾರಕ್ಕೊಂದು ಮನೆ. ಒಂದು ಸಲ ಎಂಬ ಮಾತನ್ನು ಹೇಳುವ ಹಕ್ಕು ಅವನಿಗೆ ಮಾತ್ರ ಇದೆ, ಅವನು ಅದನ್ನು ಹೇಳಲಾರ.

ದೊಡ್ಡ ಅನ್ಯಾಯಗಳಿರುವಾಗ ಸಣ್ಣದರ ಹಿಂದೆ ಏಕೆ ಬೀಳಬೇಕು ಎಂಬುದು ಇನ್ನೊಂದು ವಾದ. ಚಿಕ್ಕನಾಯಕನಹಳ್ಳಿಯ ಗುಡ್ಡಗಳನ್ನು ಅದಿರಿಗಾಗಿ ಅಗೆದಾಗ ಕೆಂಧೂಳು ತೆಂಗಿನ ಗರಿಗಳ ಮೇಲೆ ಕೂತದ್ದನ್ನು ಆ ಸೀಮೆ ಕಂಡಿದೆ. 2011ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ತುಮಕೂರು, ಚಿತ್ರದುರ್ಗ ಜಿಲ್ಲೆಗಳ ಕಬ್ಬಿಣದ ಅದಿರು ಗಣಿಗಾರಿಕೆಯನ್ನು ತಡೆಹಿಡಿಯಿತು. ಕಾಸರಗೋಡಿನ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎರಚಿದರು. ಪಡ್ರೆಯಂಥ ಹಳ್ಳಿಗಳು ಅದರ ಬೆಲೆಯನ್ನು ಮಕ್ಕಳ ಮೈಯಲ್ಲಿ ತೆತ್ತವು. 2011ರ ಮೇ 13ರಂದು ಸುಪ್ರೀಂ ಕೋರ್ಟು ಅದರ ತಯಾರಿಕೆ, ಮಾರಾಟ, ಬಳಕೆಗಳನ್ನು ನಿಲ್ಲಿಸಿತು. ಆ ಅನ್ಯಾಯಗಳ ಮುಂದೆ ಅಂಗಳದ ಕಂಪ್ರೆಸರ್ ಸಣ್ಣದು, ಸರಿ. ಆದರೆ ಆ ಎರಡು ಹೋರಾಟಗಳು ಕಲಿಸಿದ ಪಾಠ ಗಾತ್ರಕ್ಕೆ ಸಂಬಂಧಿಸಿದ್ದಲ್ಲ. ಎರಚಿದವನ ಇಚ್ಛೆಯಂತೆ ಮಂಜು ನಡೆಯುವುದಿಲ್ಲ, ಎರಚಿದವನ ಬೇಲಿಯಲ್ಲಿ ಅದು ನಿಲ್ಲುವುದಿಲ್ಲ ಎಂಬುದೇ ಆ ಪಾಠ. ಗಣಿಯ ಧೂಳನ್ನು ಖಂಡಿಸುವ ಊರು ತನ್ನ ಅಂಗಳದ ಧೂಳಿಗೆ ಬೇರೆ ನ್ಯಾಯ ಹೇಳಿದರೆ ನಾಳೆ ಗಣಿಯ ಧಣಿ ಅದನ್ನೇ ಎತ್ತಿ ತೋರಿಸುತ್ತಾನೆ.

ಮಲೆನಾಡಿನ ಓದುಗರಿಗೆ ಇದು ಬಯಲುಸೀಮೆಯ ಸಂಗತಿ ಎನಿಸಬಾರದು. ಅಲ್ಲಿ ಅಂಬಾಸಿಡರ್ ಇದ್ದಲ್ಲಿ ಇಲ್ಲಿ ಜೀಪು, ಅಲ್ಲಿ ಕೊಬ್ಬರಿ ಇದ್ದಲ್ಲಿ ಇಲ್ಲಿ ಅಡಿಕೆ. ಅಡಿಕೆ ಒಣಗುವ ಅಂಗಳ, ಕೆಳಗೆ ಹರಿಯುವ ಹಳ್ಳ. ಬಯಲಿನಲ್ಲಿ ಚೆಲ್ಲಿದ್ದು ನಿಧಾನವಾಗಿ ಇಂಗಿದರೆ ಗುಡ್ಡದಲ್ಲಿ ಚೆಲ್ಲಿದ್ದು ಒಂದೇ ಮಳೆಗೆ ಕೆಳಮನೆಯ ನೀರಿಗೆ ಸೇರುತ್ತದೆ.

ಮಾಡಬಹುದಾದದ್ದು

ಹಳೆಯ ಕಾರನ್ನು ಉಳಿಸಲು ಬಣ್ಣದ ಮಂಜು ಅನಿವಾರ್ಯವಲ್ಲ. ಒಳಮೈಯಲ್ಲಿ ಬಿಚ್ಚಬಹುದಾದ ಲೋಹದ ಭಾಗಗಳನ್ನು ಬಿಚ್ಚಿ, ಗಾಳಿ ಹೊರಹಾಕುವ ವ್ಯವಸ್ಥೆ, ಮುಖವಾಡಗಳಿರುವ ಬಣ್ಣದ ಕೋಣೆಗೆ ಒಯ್ಯಬೇಕು. ಬಿಚ್ಚಲಾಗದ ಸಂದುಗಳಿಗೆ ಹಾರ್ಡ್ನರ್ ಇಲ್ಲದ, ನೀರಿನಲ್ಲಿ ಕಲಸಿದ ಲೋಹದ ಬಣ್ಣವನ್ನು ಬ್ರಶ್ಶಿನಿಂದ ಹಚ್ಚಿದರೆ ಸಾಕು. ಅದರ ಹೊಳಪು ಒಂದು ಗುಲಗಂಜಿ ಕಡಿಮೆ ಬಂದೀತು, ಆಗಲಿ. ಹಳೆಯ ಬಣ್ಣವನ್ನು ಒಣದಾಗಿ ಉಜ್ಜದೆ ನೀರು ಹಚ್ಚಿ ಉಜ್ಜಿ, ಆ ಕೆಸರನ್ನು ಬಟ್ಟೆಯಲ್ಲಿ ಒರೆಸಿ ಡಬ್ಬಕ್ಕೆ ತುಂಬಬೇಕು. ಉಜ್ಜುವ ದಿನ ಮಕ್ಕಳು, ಬಸುರಿಯರು ಆ ಕಡೆ ಸುಳಿಯಬಾರದು. ರೆಕ್ಸಿನ್, ಚರ್ಮಗಳಿಗೆ ಬಣ್ಣ ಎರಚುವ ಬದಲು ಸೀಟು ಹೊಲಿಯುವವರಿಗೆ ಕೆಲಸ ಕೊಡಬೇಕು. ಸೀಟಿನ ಒಳಗೆ ತುಂಬಲು ರಬ್ಬರು ಹಾಲು ಸೇರಿಸಿದ ತೆಂಗಿನ ನಾರು ಇದ್ದೇ ಇದೆ. ಒಂದು ಕಾಲಕ್ಕೆ ವಾಹನಗಳ ಸೀಟಿನಲ್ಲಿ ಅದು ಸಾಮಾನ್ಯವಾಗಿತ್ತು. 1990ರ ದಶಕದಲ್ಲಿ ಬ್ರೆಜಿಲ್ ದೇಶದಲ್ಲಿ ಮರ್ಸಿಡಿಸ್ ಕಂಪನಿಯ ವಾಹನಗಳ ತಲೆದಿಂಬಿಗೂ ತೆಂಗಿನ ನಾರು ಬಳಕೆಯಾಯಿತು. ನಾರಿನ ತವರಿನಲ್ಲಿ ಹಳೆಯ ಕಾರಿನ ಸೀಟಿಗೆ ಸ್ಪಂಜು ತುಂಬುವುದು ನಾಚಿಕೆಯ ವಿಷಯ.

ಇನ್ನು ಊರು ಮಾಡಬೇಕಾದದ್ದು. ಹಾರ್ಡ್ನರ್ ಬೆರೆಸುವ ಬಣ್ಣವನ್ನು ವಸತಿಯ ನಡುವೆ ಎರಚಬಾರದೆಂದು ಗ್ರಾಮಸಭೆಗಳು ನಿರ್ಣಯ ಮಾಡಬೇಕು. ಹೋಬಳಿಗೊಂದು ಸಾಮಾನ್ಯ ಬಣ್ಣದ ಕೋಣೆ ದೊರೆತರೆ ಆ ಹುಡುಗರ ಕಸುಬೂ ಉಳಿಯುತ್ತದೆ, ಉಸಿರೂ ಉಳಿಯುತ್ತದೆ. ಅದನ್ನು ಕಟ್ಟಿ ನಡೆಸುವ ಹೊಣೆ ಐಟಿಐಗಳು ಹೊರಲಿ. ಬಳಸಿದ ಥಿನ್ನರನ್ನು ಹಿಂದಕ್ಕೆ ಪಡೆಯುವ ಹೊಣೆಯನ್ನು ಬಣ್ಣ ಮಾರುವವರ ಮೇಲೆ ಹಾಕಬೇಕು. ಸೀಸದ ನಿಯಮಕ್ಕೆ ವಾಹನದ ಬಣ್ಣವನ್ನೂ ಸೇರಿಸಬೇಕೆಂದು ಒತ್ತಾಯಿಸಬೇಕು. ವಿದ್ಯಾರ್ಥಿಗಳು ತಮ್ಮ ಊರಿನ ಬಣ್ಣದ ಅಂಗಡಿಗೆ ಹೋಗಿ ಡಬ್ಬಗಳ ಮೇಲೆ ಏನು ಬರೆದಿದೆ, ಅದು ಕನ್ನಡದಲ್ಲಿದೆಯೇ ಎಂದು ಓದಿ ಬರಲಿ. ಗನ್ ಹಿಡಿಯುವವನಿಗೆ ಓದಲು ಬಾರದ ಭಾಷೆಯಲ್ಲಿ ಬರೆದ ಎಚ್ಚರಿಕೆ ಕಂಪನಿಯನ್ನು ಕಾಪಾಡುತ್ತದೆಯೇ ಹೊರತು ಅವನನ್ನಲ್ಲ.

ಕಾರಿನ ಬಣ್ಣ ಮಾಸಿದರೆ ಮತ್ತೆ ಹಚ್ಚಬಹುದು. ಹಾಗೆ ಹಚ್ಚಿಕೊಟ್ಟವನ ಎದೆಗೂಡನ್ನು ಮತ್ತೆ ಮೊದಲಿನಂತೆ ಮಾಡಿಕೊಡುವ ಗ್ಯಾರೇಜು ಎಲ್ಲಿಯೂ ಇಲ್ಲ. ಇದನ್ನು ತಿಳಿದ ಮನೆ ಕಂಪ್ರೆಸರನ್ನು ಅಂಗಳದಿಂದ ಹೊರಗೆ ಕಳುಹಿಸಲಿ.